ಮೊದಲು ಮೂಲೆ ನೋಡಿ

ಬೆಳಗಾವಿಯ ಖಾಸಬಾಗದಂಥ ನೇಕಾರರ ಓಣಿಯಲ್ಲಿ ಓಡಾಡಿದವರಿಗೆ ಬಟ್ಟೆ ಕಂಡರೆ ಅಂಚು ಹಿಡಿದು ನೋಡುವ ಚಟ ಬಿಡುವುದಿಲ್ಲ. ಕೌದಿ ಸಿಕ್ಕರೂ ನಾನು ಮೊದಲು ನೋಡುವುದು ಅದರ ಮೂಲೆಯನ್ನೇ. ಬಟ್ಟೆಯನ್ನು ಮಡಿಚಿ ಮಡಿಚಿ ಪದರವಾಗಿ ಹೊಲಿದ ತ್ರಿಕೋನ ಅಲ್ಲಿದ್ದರೆ ಅದು ಸಿದ್ದಿ ಹೆಂಗಸರ ಕೈಕೆಲಸ. ಅವರು ಅದಕ್ಕೆ ‘ಫೂಲ’ ಎನ್ನುತ್ತಾರೆ. ಫೂಲ ಇಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ.

ಅಡಿಗೆ ಹಳೇ ಸೀರೆ, ಮೇಲೆ ಸವೆದ ಅಂಗಿ, ಲಂಗಗಳ ತುಂಡು. ಚೌಕಟ್ಟು ಇಲ್ಲ, ಗೆರೆ ಎಳೆದುಕೊಳ್ಳುವುದೂ ಇಲ್ಲ. ಒಂದು ಮೂಲೆಯಿಂದ ಟಾಕಿ ಹಾಕುತ್ತ ಅಂಚಿನಗುಂಟ ಸುತ್ತು ಬರುತ್ತಾರೆ, ಸುತ್ತುಸುತ್ತಿಗೂ ಒಳಗೆ ಸರಿದು ನಟ್ಟನಡುವೆ ಮುಗಿಸುತ್ತಾರೆ. ತುಂಡು ಕೂಡಿಸುವುದು, ಪದರ ಬಿಗಿಯುವುದು ಎರಡೂ ಒಂದೇ ದಾರದಲ್ಲಿ. ಮೇಲೆ ಬೆರಳಾಡಿಸಿದರೆ ಟಾಕಿಯ ಸಾಲುಗಳೇ ಬೆರಳನ್ನು ನಡುವಿಗೆ ಕರೆದೊಯ್ಯುತ್ತವೆ. ಕ್ರೈಸ್ತರ ಮನೆಯ ಕೌದಿಯಲ್ಲಿ ಶಿಲುಬೆ, ಮುಸ್ಲಿಮರದರಲ್ಲಿ ಅರ್ಧಚಂದ್ರ ಕಾಣಬಹುದು. ಹೊಲಿಗೆ ಸಾಗುವ ದಾರಿ ಮಾತ್ರ ಎಲ್ಲರದೂ ಒಂದೇ.

ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ಖಾನಾಪುರ, ಹಳಿಯಾಳ, ಯಲ್ಲಾಪುರದ ಕಾಡು ಸೇರಿದರು. ಅವರ ಮಕ್ಕಳು ಮರಿಗಳೇ ಈ ಸಿದ್ದಿಯರು. ಮೂಲದ ನುಡಿ ಹೋಯಿತು, ಕೊಂಕಣಿ ಮನೆಮಾತಾಯಿತು. ಈಗ ಇವರ ಕೌದಿ ನೋಡಿದವರೆಲ್ಲ ಕೇಳುವುದು, ಇದರಲ್ಲಿ ಆಫ್ರಿಕಾ ಎಲ್ಲಿದೆ ಅಂತ. ವಿದ್ವಾಂಸರು ಅದನ್ನು ಹುಡುಕಲಿ, ಬೇಡವೆನ್ನುವುದಿಲ್ಲ. ನನ್ನನ್ನು ಕೇಳಿದರೆ ಉತ್ತರಕ್ಕೆ ಕ್ಯೂಬಾದ ಕಡೆ ನೋಡಬೇಕು. ಅಲ್ಲಿಯೂ ಗುಲಾಮರ ಜತೆ ಬಂದ ಡೋಲಿನ ಲಯ ಸ್ಪೇನಿನ ಗಿಟಾರಿನೊಡನೆ ಬೆರೆತು ‘ಸೋನ್’ ಎಂಬ ಸಂಗೀತವಾಯಿತು. ಅದು ಕ್ಯೂಬಾದ್ದೇ ಎಂದು ಅಲ್ಲಿಯವರು ಎದೆ ತಟ್ಟಿ ಹೇಳುತ್ತಾರೆ. ಹಾಗೆಯೇ ಫೂಲ ನಮ್ಮ ಘಟ್ಟದ್ದು. ನೇಕಾರರ ಸೀರೆ ಹಳತಾಗಿ ಕೌದಿಗೆ ಅಡಿಯಾಗುತ್ತದೆ, ಬೆಳಗಾವಿ ಸೀಮೆಯ ಚಳಿಗೆ ಅದು ಹೊದಿಕೆಯಾಗುತ್ತದೆ.

ನಮ್ಮವರು ಎಂದು ಒಪ್ಪಲು ಸರಕಾರವೂ ತಡಮಾಡಿತು. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. ಬೆಳಗಾವಿ, ಧಾರವಾಡ ಜಿಲ್ಲೆಗಳವರು 2020ರವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಹಳಿಯಾಳದ ಅತ್ತೆಗೆ ಸಿಕ್ಕ ಹಕ್ಕು ಖಾನಾಪುರದ ಸೊಸೆಗಿರಲಿಲ್ಲ, ಅದು ಯಾವ ನ್ಯಾಯ?

ಕೊಳ್ಳುವವರಿಗೆ ಒಂದು ಮಾತು. ಬಣ್ಣ ಹೊಂದಿಸಿಕೊಡಿ, ಸಾಲು ನೆಟ್ಟಗೆ ಮಾಡಿಕೊಡಿ ಎಂದು ಹೊಲಿಯುವವರನ್ನು ಕಾಡಬೇಡಿ. ಅವರು ತಮ್ಮ ಮೊಮ್ಮಗುವಿಗೆ ಹೊಲಿಯುವಂಥದ್ದನ್ನೇ ಕೇಳಿ, ಕೇಳಿದ ಬೆಲೆ ಕೊಡಿ. ಗೋಡೆಗೆ ತೂಗುಹಾಕದೆ ಹೊದ್ದು ಮಲಗಿ.