ಕ್ಲಾಮಿಡೊಮೊನಾಸ್‌ಗೆ ಎರಡು ರೇಷನ್ ಕಾರ್ಡ್

ನಮ್ಮ ಪ್ರಥಮ ಪಿಯುಸಿ ಮಕ್ಕಳು ಜೀವಶಾಸ್ತ್ರಕ್ಕೆ ಓದುವುದು ಎನ್‌ಸಿಇಆರ್‌ಟಿ ಪುಸ್ತಕವನ್ನು. ಬ್ಯಾಕ್ಟೀರಿಯಾ, ಪ್ರೋಟಿಸ್ಟ, ಶಿಲೀಂಧ್ರ, ವೈರಸ್‌ಗಳೆಲ್ಲ ಬರುವುದು ಅದರ ಎರಡನೇ ಅಧ್ಯಾಯವಾದ ಜೀವಿಗಳ ವರ್ಗೀಕರಣದಲ್ಲಿ.

ಅಧ್ಯಾಯ ಶುರುವಾಗುವ ರೀತಿ ಚೆನ್ನಾಗಿದೆ. ಲಿನೇಯಸ್‌ನ ಸಸ್ಯ, ಪ್ರಾಣಿ ಎಂಬ ಎರಡೇ ಸಾಮ್ರಾಜ್ಯಗಳು ಏಕೆ ಸಾಲಲಿಲ್ಲ ಎಂದು ಕಾರಣ ಕೊಟ್ಟೇ ಅದು 1969ರ ವಿಟೇಕರ್‌ನ ಐದು ಸಾಮ್ರಾಜ್ಯಗಳಿಗೆ ಬರುತ್ತದೆ. ಕೋಶಭಿತ್ತಿ ಇರುವ ಕ್ಲಾಮಿಡೊಮೊನಾಸನ್ನು ಭಿತ್ತಿಯೇ ಇಲ್ಲದ ಅಮೀಬಾದ ಜೊತೆ ಪ್ರೋಟಿಸ್ಟದಲ್ಲಿ ಕೂರಿಸಿದ್ದನ್ನೂ ತಿಳಿಸುತ್ತದೆ. ಆದರೆ ಪುಟ ಮಗುಚಿ ಸಸ್ಯ ಸಾಮ್ರಾಜ್ಯದ ಅಧ್ಯಾಯಕ್ಕೆ ಹೋದರೆ, ಹಸಿರು ಶೈವಲಗಳ ಪಟ್ಟಿಯಲ್ಲಿ ಅದೇ ಕ್ಲಾಮಿಡೊಮೊನಾಸ್ ಹಾಜರು! ಪ್ರೋಟಿಸ್ಟಗಳನ್ನು ಸಸ್ಯಗಳಿಂದ ಹೊರಗಿಟ್ಟಿದ್ದೇವೆ ಎಂದು ಆ ಅಧ್ಯಾಯವೇ ಮೊದಲಿಗೆ ಹೇಳಿರುತ್ತದೆ. ಒಂದೇ ಜೀವಿಗೆ ಎರಡೂರಲ್ಲಿ ರೇಷನ್ ಕಾರ್ಡ್ ಏಕೆ ಎಂದು ವಿದ್ಯಾರ್ಥಿ ಕೇಳಿದರೆ ಪುಸ್ತಕದಲ್ಲಿ ಉತ್ತರವಿಲ್ಲ.

ಶಿಲೀಂಧ್ರಗಳ ಭಾಗದ ಲೋಪ ಇದಕ್ಕಿಂತ ದೊಡ್ಡದು. ಸಾಸಿವೆ ಗಿಡಕ್ಕೆ ರೋಗ ತರುವ ಆಲ್ಬುಗೊ ಅಲ್ಲಿ ಮ್ಯೂಕರ್, ರೈಜೋಪಸ್‌ಗಳ ಸಾಲಿನಲ್ಲಿದೆ. ಅದು ಶಿಲೀಂಧ್ರವಲ್ಲ, ಊಮೈಸೀಟ್. ಭಿತ್ತಿಯಲ್ಲಿ ಮುಖ್ಯವಾಗಿರುವುದು ಕೈಟಿನ್ ಅಲ್ಲ, ಸೆಲ್ಯುಲೋಸ್. ವಂಶದಲ್ಲಿ ಕಂದು ಶೈವಲ, ಡಯಾಟಮ್‌ಗಳಿಗೆ ಹತ್ತಿರ. ಮಲೆನಾಡಿನ ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ ಕೂಡ ಇದೇ ಗುಂಪಿನದು. ಇದು ಹೆಸರಿನ ಜಗಳವಷ್ಟೇ ಅಲ್ಲ. ಎರ್ಗೊಸ್ಟೆರಾಲ್ ತಯಾರಿಕೆಯನ್ನು ತಡೆದು ಶಿಲೀಂಧ್ರವನ್ನು ಕೊಲ್ಲುವ ಔಷಧಿಗಳು, ಅದನ್ನು ತಯಾರಿಸದ ಫೈಟಾಫ್ತೊರಾದ ಮೇಲೆ ನಾಟುವುದಿಲ್ಲ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೊ ದ್ರಾವಣ ನಾಟುತ್ತದೆ, ಏಕೆಂದರೆ ತಾಮ್ರ ಎರಡೂ ಗುಂಪಿಗೆ ವಿಷ. ತೋಟದ ಮನೆಯಿಂದ ಕಾಲೇಜಿಗೆ ಬಂದ ಹುಡುಗಿಗೆ ವರ್ಗೀಕರಣ ಯಾವ ಕೆಲಸಕ್ಕೆ ಬರುತ್ತದೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲೇ ರೈಬೋಸೋಮ್ ಆರ್‌ಎನ್‌ಎ ಹೋಲಿಸಿ ಆರ್ಕಿಯಾಗಳು ಬ್ಯಾಕ್ಟೀರಿಯಾಗಳಲ್ಲ ಎಂದು ತೋರಿಸಿದರು. ಪುಸ್ತಕ ಮೂರು ಡೊಮೇನ್‌ಗಳ ಪದ್ಧತಿಯನ್ನು ಹೆಸರಿಸಿ, ವಿವರ ಮುಂದಿನ ತರಗತಿಗಳಲ್ಲಿ ಎಂದು ಕೈತೊಳೆದುಕೊಳ್ಳುತ್ತದೆ. ಹಸುವಿನ ಹೊಟ್ಟೆಯಲ್ಲಿ ಮೀಥೇನ್ ಮಾಡುವ ಆರ್ಕಿಯಾಗಳು ಇನ್ನೂ ಬ್ಯಾಕ್ಟೀರಿಯಾಗಳ ಸಾಮ್ರಾಜ್ಯವಾದ ಮೊನೇರದಲ್ಲೇ ಉಳಿದಿವೆ.

ವಿಟೇಕರ್‌ನನ್ನು ಇತಿಹಾಸವಾಗಿ ಕಲಿಸುವುದರಲ್ಲಿ ತಪ್ಪಿಲ್ಲ, ಅಂತಿಮ ತೀರ್ಪಾಗಿ ಕಲಿಸಬಾರದು. ಮೊನೇರ, ಶಿಲೀಂಧ್ರ ಎರಡೂ ಭಾಗಗಳನ್ನು ಹೊಸದಾಗಿ ಬರೆಯಬೇಕು. ಅಲ್ಲಿಯವರೆಗೆ ಉಪನ್ಯಾಸಕರು ಪರೀಕ್ಷೆಗೆ ಬೇಕಾದ ಉತ್ತರ ಬರೆಸಿದ ಮೇಲೆ, ಐದು ನಿಮಿಷ ಕೊಳೆರೋಗದ ಮಾತನ್ನೂ ಆಡಲಿ.