ಮುಂದಾಳಿಲ್ಲದ ಗುಂಪು

ಮಣ್ಣಿನಲ್ಲಿ ಬದುಕುವ ಡಿಕ್ಟಿಯೋಸ್ಟೀಲಿಯಮ್ ಎಂಬ ಅಮೀಬಾಗಳಿಗೆ ತಿನ್ನಲು ಬ್ಯಾಕ್ಟೀರಿಯಾ ಸಿಗುವಷ್ಟು ಕಾಲ ಯಾರ ಹಂಗೂ ಇಲ್ಲ. ಆಹಾರ ಮುಗಿಯಿತೋ, ಸಾವಿರಾರು ಕೋಶಗಳು ಒಂದೆಡೆ ಸೇರಿ ಒಂದೇ ದೇಹವಾಗುತ್ತವೆ. ಇವನ್ನು ಕರೆಯುವವರು ಯಾರು? ವಿಶೇಷ ಕೋಶವೊಂದು ಮುಂದಾಳಾಗಿರಬೇಕೆಂದು ಹಲವರು ನಂಬಿದ್ದರು.

1970ರಲ್ಲಿ ಎವೆಲಿನ್ ಫಾಕ್ಸ್ ಕೆಲ್ಲರ್ ಮತ್ತು ಲೀ ಸೆಗೆಲ್ ಬರೆದ ಸಮೀಕರಣಗಳಲ್ಲಿ ಆ ಮುಂದಾಳು ಇಲ್ಲವೇ ಇಲ್ಲ. ಕೋಶಗಳಿಗೆ ಅಲ್ಲಿರುವುದು ಎರಡೇ ಚಲನೆ: ಗೊತ್ತುಗುರಿಯಿಲ್ಲದೆ ಚದುರುವುದು, ತಾವೇ ಸ್ರವಿಸುವ ರಾಸಾಯನಿಕ ದಟ್ಟವಾಗಿರುವ ಕಡೆಗೆ ಸರಿಯುವುದು. ಎಲ್ಲೋ ನಾಲ್ಕು ಕೋಶ ಆಕಸ್ಮಿಕವಾಗಿ ಹತ್ತಿರ ಬಂದರೆ ಅಲ್ಲಿ ರಾಸಾಯನಿಕ ಹೆಚ್ಚುತ್ತದೆ. ಅದು ಇನ್ನಷ್ಟು ಕೋಶಗಳನ್ನು ಸೆಳೆಯುತ್ತದೆ. ಸೆಳೆತ ಮಿತಿ ದಾಟಿದೊಡನೆ ಸಮನಾದ ಹರಡಿಕೆ ತಾನಾಗಿಯೇ ಮುರಿದುಬೀಳುತ್ತದೆ. ಗುಂಪುಗೂಡುವುದನ್ನು ಯಾರದೋ ಅಪ್ಪಣೆಯೆಂದು ಬಗೆಯದೆ ಅಸ್ಥಿರತೆಯಾಗಿ ಕಂಡ ಆ ದಿಟ್ಟತನವೇ ನನಗೆ ಈ ಗಣಿತದ ಸೊಗಸು.

ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹೆಸರಾದ ವಿದ್ಯಾನಂದ ನಂಜುಂಡಯ್ಯ 1973ರಲ್ಲಿ ಇದೇ ಜಾಡು ಹಿಡಿದು, ಕೋಶಗಳ ಸಾಂದ್ರತೆ ಕೊನೆಗೆ ಒಂದೇ ಬಿಂದುವಿನಲ್ಲಿ ಮೇರೆಮೀರಿ ಬೆಳೆಯಬಹುದೆಂದರು. ಅದು ಯಾವಾಗ ಆಗುತ್ತದೆ, ಯಾವಾಗ ಆಗದು ಎಂದು ಸಾಧಿಸಿ ತೋರಿಸಲು ಗಣಿತಜ್ಞರು ದಶಕಗಳ ಕಾಲ ದುಡಿದಿದ್ದಾರೆ. ಎರಡು ಆಯಾಮಗಳಲ್ಲಿ ಉತ್ತರ ನಿಂತಿರುವುದು ಒಟ್ಟು ಕೋಶರಾಶಿಯ ಮೇಲೆ: ಅದು ನಿರ್ದಿಷ್ಟ ಮೊತ್ತಕ್ಕಿಂತ ಕಡಿಮೆಯಿದ್ದರೆ ಚದುರುವಿಕೆ ಗೆಲ್ಲುತ್ತದೆ, ಹೆಚ್ಚಿದ್ದರೆ ಸೆಳೆತ.