ಸಾಲ ಅವನದು, ಫೋನು ಕಚೇರಿಯದು

ವಸೂಲಿಯವರ ಫೋನಿಗೆ ನಮ್ಮ ಕಚೇರಿಗಳು ಉತ್ತರಿಸುವ ರೀತಿಯಲ್ಲಿ ಒರಟುತನಕ್ಕಿಂತ ಸೌಜನ್ಯವೇ ಹೆಚ್ಚು ಕೆಡುಕು ಮಾಡುತ್ತಿದೆ. ಎಂದೋ ಕೆಲಸ ಬಿಟ್ಟು ಹೋದವನನ್ನು ಕೇಳಿಕೊಂಡು ಫೋನು ಬರುತ್ತದೆ. "ಅವರಿಗೊಂದು ಕೊರಿಯರ್ ಇದೆ ಮೇಡಂ, ಹೊಸ ನಂಬರ್ ಇದ್ರೆ ಹೇಳ್ತೀರಾ?" ಸಾಲದ ಸುದ್ದಿಯೇ ಇಲ್ಲ. ರಿಸೆಪ್ಷನ್‌ನಲ್ಲಿ ಕೂತವರು ನಂಬರು ಕೊಡುತ್ತಾರೆ. ಮಾತು ನಯವಾಗಿದ್ದರೆ ಹೊಸ ಕಂಪನಿಯ ಹೆಸರನ್ನೂ ಸೇರಿಸುತ್ತಾರೆ. ಟ್ರೇಸಿಂಗ್ ಎಂದು ಆ ಕಸುಬಿನವರು ಕರೆಯುವುದು ಇದನ್ನೇ. ಕಂತು ತಪ್ಪಿ 90 ದಿನ ದಾಟಿದ ಸಾಲ ಬ್ಯಾಂಕಿನ ಲೆಕ್ಕದಲ್ಲಿ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಗುತ್ತದೆ. ಅಷ್ಟರೊಳಗೆ ಹಣ ತರಬೇಕಾದ ಏಜೆಂಟನಿಗೆ ಸಾಲಗಾರನ ಸ್ವಿಚ್ ಆಫ್ ಆದ ಮೊಬೈಲಿಗಿಂತ ಹಳೆಯ ಕಚೇರಿಯ ಬಾಯಿಯೇ ಹೆಚ್ಚು ಪ್ರಯೋಜನ. ಅವನ ಕಮಿಷನ್ನೂ ಆ ಟಾರ್ಗೆಟ್ಟಿಗೇ ಜೋತುಬಿದ್ದಿರುತ್ತದೆ ಎನ್ನುವುದನ್ನೂ ಮರೆಯಬಾರದು. ಅವನ ಮೇಲೆ ಕೂಗಾಡಿ ಗೆದ್ದೆವೆಂದುಕೊಳ್ಳುವ ಎಚ್‌ಆರ್‌ನವರು ಜಗಳವಾಡುತ್ತಿರುವುದು ಬ್ಯಾಂಕಿನ ಜೊತೆಗಲ್ಲ.

ಕಚೇರಿಯ ನಂಬರು ಅವರಿಗೆ ಸಿಕ್ಕಿದ್ದು ಹೇಗೆಂದು ಕೇಳುವವರಿದ್ದಾರೆ. ಸಾಲದ ಅರ್ಜಿಯಲ್ಲೇ ಅದು ಇರುತ್ತದೆ. ಸಾಲ ಮಂಜೂರಾಗುವ ಮುನ್ನ ಒಂದು ವೆರಿಫಿಕೇಷನ್ ಕರೆ ಬಂದಿರುತ್ತದೆ, "ಹೌದು, ಇಲ್ಲೇ ಕೆಲಸ ಮಾಡ್ತಾರೆ" ಎಂದು ಯಾರೋ ಹೇಳಿರುತ್ತಾರೆ. ಆಮೇಲೆ ಅದೇ ಮಾತು ಗದರಿಕೆಯಾಗಿ ಮರಳುತ್ತದೆ: "ಅವತ್ತು ನೀವೇ ಹೇಳಿದ್ರಲ್ಲ, ಈಗ ನೀವೇ ಕೊಡಿಸಿ." ಕೆಲಸದಲ್ಲಿದ್ದಾನೆಂದು ಹೇಳಿದ್ದು ಜಾಮೀನಾಗುವುದಿಲ್ಲ. ಆದರೆ ಎದುರಿನವರನ್ನು ಸಾಗಹಾಕಲು "ಆಯ್ತು, ನಾವು ನೋಡ್ಕೋತೀವಿ" ಎನ್ನುವ ಚಟ ನಮ್ಮಲ್ಲಿದೆ. 1872ರ ಕರಾರು ಕಾಯಿದೆಯ 126ನೇ ಕಲಮಿನ ಪ್ರಕಾರ ಜಾಮೀನು ಬಾಯಿಮಾತಿನದ್ದೂ ಆಗಬಹುದು. ಒಂದು ಫೋನು ಕರೆಯಿಂದ ಕಂಪನಿ ಸಾಲಕ್ಕೆ ಸಿಕ್ಕಿಬೀಳುವುದಿಲ್ಲ, ನಿಜ. ಆದರೂ ಅಂಥ ಮಾತು ಆಡದಿರುವುದೇ ಲೇಸು.

ನಿಯಮಗಳು ಇಲ್ಲಿ ಎಷ್ಟು ನೆರವಿಗೆ ಬರುತ್ತವೆ? ರಿಸರ್ವ್ ಬ್ಯಾಂಕಿನ 2022ರ ಆಗಸ್ಟ್ 12ರ ಸುತ್ತೋಲೆ ಹೇಳಿದ್ದು ಚೆನ್ನಾಗಿಯೇ ಇದೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಾಲಗಾರನಿಗೆ ಕರೆ ಮಾಡುವಂತಿಲ್ಲ. ಹೆಸರು ಹೇಳದ ಕರೆ, ಬೆದರಿಕೆ, ಸುಳ್ಳು ಸೋಗು ಕೂಡದು. ಕುಟುಂಬದವರು, ರೆಫರೆನ್ಸ್ ಕೊಟ್ಟವರು, ಸ್ನೇಹಿತರು ಇವರ ಖಾಸಗಿತನಕ್ಕೆ ಕೈಹಾಕುವಂತಿಲ್ಲ. ಈ ಪಟ್ಟಿಯಲ್ಲಿ ಕಚೇರಿ ಮಾತ್ರ ಇಲ್ಲ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಸಂಹಿತೆಯಂತೂ ಮನೆಯಲ್ಲಿ ಸಿಗದ ಸಾಲಗಾರನನ್ನು ಅವನ ಉದ್ಯೋಗದ ಜಾಗದಲ್ಲಿ ಸಂಪರ್ಕಿಸಬಹುದೆಂದೇ ಹೇಳುತ್ತದೆ. ಒಪ್ಪೋಣ. ಆದರೆ ಕೆಲಸ ಬಿಟ್ಟ ದಿನವೇ ಅದು ಅವನ ಉದ್ಯೋಗದ ಜಾಗವಾಗಿ ಉಳಿಯಲಿಲ್ಲ. ಆ ಮೇಲಿನ ಪ್ರತಿ ಕರೆಯೂ ಸಾಲಕ್ಕೆ ಸಂಬಂಧವಿಲ್ಲದ ಮೂರನೆಯವರಿಗೆ ಮಾಡಿದ ಕರೆ. ಈ ಸರಳ ಗೆರೆಯನ್ನು ನಮ್ಮ ನಿಯಮಗಳು ಎಳೆದಿಲ್ಲ.

ಅಮೆರಿಕದವರು 1977ರಲ್ಲೇ ಎಳೆದಿದ್ದರು. ಅಲ್ಲಿನ ಸಾಲ ವಸೂಲಿ ಕಾಯಿದೆಯಡಿ, ಸಾಲಗಾರ ಎಲ್ಲಿದ್ದಾನೆಂದು ಮೂರನೆಯವರನ್ನು ಕೇಳುವ ಏಜೆಂಟ್ ತನ್ನ ಹೆಸರು ಹೇಳಬೇಕು, ಸಾಲವಿದೆ ಎಂಬುದನ್ನು ಬಾಯಿಬಿಡಬಾರದು, ಅವರೇ ಕೇಳಿಕೊಳ್ಳದ ಹೊರತು ಅಥವಾ ಮೊದಲ ಉತ್ತರ ತಪ್ಪೆಂದೋ ಅರೆಬರೆಯೆಂದೋ ನಂಬಲು ಕಾರಣವಿಲ್ಲದ ಹೊರತು ಎರಡನೇ ಸಲ ಕರೆ ಮಾಡಬಾರದು. ಮಾಲೀಕ ಒಪ್ಪುವುದಿಲ್ಲವೆಂದು ಗೊತ್ತಿದ್ದೂ ಕೆಲಸದ ಜಾಗದಲ್ಲಿ ಸಾಲಗಾರನನ್ನು ಕಾಡುವಂತಿಲ್ಲ. ನಮ್ಮಲ್ಲಿ ಕರ್ನಾಟಕ ಸರ್ಕಾರ 2025ರಲ್ಲಿ ತಂದ ಕಿರುಸಾಲ ಕಿರುಕುಳ ತಡೆ ಕಾನೂನು 10 ವರ್ಷದವರೆಗಿನ ಜೈಲಿನ ಮಾತಾಡಿತು. ಆದರೆ ಅದರ ಕಣ್ಣ ಮುಂದಿದ್ದದ್ದು ಹಳ್ಳಿಯ ಮನೆಬಾಗಿಲು, ನಗರದ ಕಚೇರಿಯ ಲ್ಯಾಂಡ್‌ಲೈನ್ ಅಲ್ಲ.

ಹಾಗಾಗಿ ಕಚೇರಿಯೇ ಗೆರೆ ಎಳೆದುಕೊಳ್ಳಬೇಕು. ಇಲ್ಲಿ ನಮ್ಮ ಸಾಧನೆ ಕಳಪೆ. "ಆ ಹೆಸರಿನವರು ಯಾರೂ ಇರ್ಲಿಲ್ಲ" ಎಂಬ ಸುಳ್ಳು ನಿಲ್ಲುವುದಿಲ್ಲ, ಏಜೆಂಟನ ಕೈಯಲ್ಲಿ ಸಂಬಳದ ಚೀಟಿಯೇ ಇರುತ್ತದೆ. ಇನ್ನು ಕೆಲವೆಡೆ ಕರೆಗಳ ಸಿಟ್ಟಿಗೆ ಹೋದವನ ಫುಲ್ ಆ್ಯಂಡ್ ಫೈನಲ್ ಲೆಕ್ಕದ ಹಣ ತಡೆಹಿಡಿಯುತ್ತಾರೆ. ಅವನ ಖಾಸಗಿ ಸಾಲಕ್ಕೂ ಕಂಪನಿ ಕೊಡಬೇಕಾದ ಬಾಕಿಗೂ ಏನು ನಂಟು? ಎಲ್ಲಕ್ಕಿಂತ ಕೀಳಾದದ್ದು ಊಟದ ಹೊತ್ತಿನ ಹರಟೆ. "ಗೊತ್ತಾ, ಅವನನ್ನ ಹುಡುಕ್ಕೊಂಡು ಬ್ಯಾಂಕ್‌ನೋರು ಫೋನ್ ಮಾಡಿದ್ರು." ಏಜೆಂಟ್ ಬಯಸಿದ ಅವಮಾನವನ್ನು ಅವನಿಗೆ ಖರ್ಚಿಲ್ಲದೆ ಸಹೋದ್ಯೋಗಿಗಳೇ ಮಾಡಿಕೊಡುತ್ತಾರೆ. ನಾಳೆ ಅವನಿಗೆ ರೆಫರೆನ್ಸ್ ಕೊಡಬೇಕಾದವರೂ ಅದೇ ಮೇಜಿನ ಸುತ್ತ ಕೂತಿರುತ್ತಾರೆ.

ನಾನು ಮೆಚ್ಚುವ ಪದ್ಧತಿ ಬಹಳ ಸಪ್ಪೆಯದು. ಫೋನಿನ ಪಕ್ಕ ಒಂದು ಚೀಟಿ, ಯಾರು ಎತ್ತಿದರೂ ಒಂದೇ ಮಾತು: ಈಗಿರುವವರ ಬಗ್ಗೆಯಾಗಲಿ, ಬಿಟ್ಟುಹೋದವರ ಬಗ್ಗೆಯಾಗಲಿ ಫೋನಿನಲ್ಲಿ ಮಾಹಿತಿ ಕೊಡುವುದಿಲ್ಲ, ನಿಮ್ಮ ಹೆಸರು, ಏಜೆನ್ಸಿ, ಯಾವ ಬ್ಯಾಂಕಿನ ಪರ ಎಂಬುದನ್ನು ಬರೆದು ಕಳಿಸಿ. ಬ್ಯಾಂಕು ಕೊಟ್ಟ ಅಧಿಕಾರ ಪತ್ರ ಏಜೆಂಟನ ಬಳಿ ಇರಬೇಕೆಂದು 2008ರಿಂದಲೇ ನಿಯಮವಿದೆ; ಅಂಥ ಪತ್ರವಿರುವವನಿಗೆ ಬರೆಯುವುದು ಕಷ್ಟವಲ್ಲ, ಕೊರಿಯರ್‌ನವನಾಗಿ ನಟಿಸುವವನಿಗೆ ಕಷ್ಟ. "ಕೆಲಸ ಬಿಟ್ಟಿದ್ದಾರೆ" ಎಂದಾದರೂ ಹೇಳಬಾರದೇ? ಹೇಳಬಹುದು, ಆದರೆ ಬ್ಯಾಂಕಿನ ದೂರು ಅಧಿಕಾರಿಗೆ ಬರಹದಲ್ಲಿ, ನಮ್ಮ ನಂಬರನ್ನು ತೆಗೆದುಹಾಕಿ ಎಂಬ ಕೋರಿಕೆಯೊಂದಿಗೆ. ಫೋನಿನಲ್ಲಿ ಹೇಳಿದರೆ "ಯಾವಾಗ, ಎಲ್ಲಿಗೆ" ಎಂಬ ಮುಂದಿನ ಪ್ರಶ್ನೆ ತಯಾರಾಗಿರುತ್ತದೆ. "ಕೋರ್ಟಿನಿಂದ ಮಾತಾಡ್ತಿದೀವಿ" ಎಂಬ ಮಾತಿಗಂತೂ ಬೆಚ್ಚಬೇಕಿಲ್ಲ. ಸಂಬಳ ಜಪ್ತಿಯ ಆದೇಶ ಕಾಗದದಲ್ಲಿ ಬರುತ್ತದೆ, ಬಂದರೆ ನ್ಯಾಯಾಲಯಕ್ಕೇ ಉತ್ತರ ಬರೆಯಬೇಕು.

ಒಂದು ತೊಡಕು ಉಳಿಯುತ್ತದೆ. ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಯೋಜನೆಯ ಬಾಗಿಲು ಗ್ರಾಹಕನಿಗೆ ತೆರೆದಿದ್ದು. ದಿನವಿಡೀ ಫೋನು ಎತ್ತಿ ಬೇಸತ್ತ ಕಚೇರಿ ಗ್ರಾಹಕನಲ್ಲ. ಸಾಲ ಪಡೆದವನು ಗ್ರಾಹಕ. ಅವನು ಬ್ಯಾಂಕಿಗೆ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಮುಂದಕ್ಕೆ ಹೋಗಬಹುದು. ಹಾಗಿರುವಾಗ ಅವನಿಗೆ ಸುದ್ದಿ ಮುಟ್ಟಿಸುವುದು ಉಪಕಾರದ ಮಾತಷ್ಟೇ ಅಲ್ಲ, ಕರೆ ನಿಲ್ಲಿಸುವ ದಾರಿಯೂ ಹೌದು. ಅವನ ಸ್ವಂತ ಈ-ಮೇಲಿಗೆ ಎಚ್‌ಆರ್‌ನ ಒಬ್ಬರೇ ಬರೆಯಲಿ: ಇಂಥ ತಾರೀಕು, ಇಷ್ಟು ಹೊತ್ತಿಗೆ, ಈ ನಂಬರಿನಿಂದ ಕರೆ ಬಂತು, ಹೀಗೆಂದರು, ನಾವು ಏನನ್ನೂ ಹೇಳಿಲ್ಲ. ಯಾಕೆ ಸಾಲ ಮಾಡಿದೆ, ಯಾಕೆ ಕಟ್ಟಲಿಲ್ಲ ಎಂದು ಅದರಲ್ಲಿ ಕೇಳುವುದು ಬೇಡ.